ನಲವತ್ತು ದಾಟಿದ ಹೆಂಗಸಿಗೆ ಪಿಂಚಣಿ ಬೇಡವಾ?

ಮೊನ್ನೆ ಅತ್ತಿಗೆಯನ್ನು ಕರೆದುಕೊಂಡು ಇಲ್ಲೇ ದಾವಣಗೆರೆಯ ಒಂದು ಸೈಬರ್ ಸೆಂಟರ್‌ಗೆ ಹೋಗಿದ್ದೆ. ಅಸಂಘಟಿತ ಕೆಲಸಗಾರರಿಗೆ ಅಂತ ಕೇಂದ್ರ ಸರ್ಕಾರ ತಂದ ಪಿಂಚಣಿ, ಶ್ರಮಯೋಗಿ ಮಾನ್‌ಧನ್ ಯೋಜನೆಗೆ ಅವರ ಹೆಸರು ಬರೆಸಬೇಕಿತ್ತು. ನಾವು ಕಟ್ಟಿದಷ್ಟೇ ಕೇಂದ್ರ ಸರ್ಕಾರವೂ ಕಟ್ಟುತ್ತದೆ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ ಅಂತ ನಾನೇ ಹೇಳಿದ್ದೆ. ಆಧಾರ್, ಪಾಸ್‌ಬುಕ್ ಎಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಜೋಡಿಸಿಕೊಂಡು ಬಂದಿದ್ದರು. ಸೆಂಟರ್‌ನ ಹುಡುಗ ಅತ್ತಿಗೆಯ ಹುಟ್ಟಿದ ದಿನಾಂಕ ಹಾಕಿ ತಲೆ ಎತ್ತಿದ. "ಅಕ್ಕಾರೆ, ನಿಮಗೆ ನಲವತ್ಮೂರು. ನಲವತ್ತರ ಒಳಗಿದ್ರೆ ಮಾತ್ರ ತಗೊಳ್ಳೋದು" ಅಂದ. ಅತ್ತಿಗೆ ಏನೂ ಮಾತಾಡಲಿಲ್ಲ. ಕವರ್‌ಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಎದ್ದರು.

ಕೇಂದ್ರದ ಇನ್ನೊಂದು ಯೋಜನೆ ಅಟಲ್ ಪಿಂಚಣಿಗೂ ಸೇರೋಕೆ ಇದೇ ವಯಸ್ಸಿನ ಗೆರೆ, 18ರಿಂದ 40.

ಈ ಗೆರೆ ಎಳೆದವರು ಹೆಂಗಸರ ದುಡಿಮೆಯನ್ನು ನೋಡಿಯೇ ಇಲ್ಲ ಅನಿಸುತ್ತದೆ. ಅತ್ತಿಗೆ ಎಂಟು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದರು. ಎರಡನೇ ಮಗು ಆದಾಗ ಬಿಟ್ಟರು. ಪಿಎಫ್ ದುಡ್ಡೆಲ್ಲ ತೆಗೆದು ಮನೆಗೆ ಶೀಟ್ ಹಾಕಿಸಿದರು. ಪಿಎಫ್ ಪಿಂಚಣಿಗೆ 10 ವರ್ಷ ಸೇವೆ ಬೇಕು. ಅಷ್ಟಾಗದಿದ್ದರೂ ಪಿಂಚಣಿ ಪಾಲು ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ (ಎಷ್ಟು ವರ್ಷ ಸೇವೆ ಆಗಿದೆ ಅನ್ನುವ ಪತ್ರ) ಮಾಡಿಸಿಟ್ಟುಕೊಂಡರೆ, ಮುಂದೆ ಪಿಎಫ್ ಇರುವ ಕೆಲಸಕ್ಕೆ ಸೇರಿದಾಗ ಹಳೇ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಇದನ್ನು ಅವರಿಗೆ ಯಾರೂ ಹೇಳಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಂಗಿಯರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಹಾಗಂತ ದುಡ್ಡು ತೆಗೆದವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ತೆಗೆಯೋಕೆ ಅಡ್ಡ ಬರಬೇಡಿ ಅಂತಲೇ ಬೀದಿಗಿಳಿದಿದ್ದು. ಆ ಸಂಬಳದಲ್ಲಿ ಬೇರೆ ಉಳಿತಾಯ ಎಲ್ಲಿಂದ ಬರಬೇಕು?

ಆಮೇಲೆ ನಮ್ಮಮ್ಮನಿಗೆ ಲಕ್ವ ಹೊಡೆಯಿತು. ಐದು ವರ್ಷ ತಿನ್ನಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡಿದ್ದು ಅತ್ತಿಗೆ. ನಾನು ನೌಕರಿಗೆ ಹೋಗುತ್ತಿದ್ದೆ. ಆ ಐದು ವರ್ಷವೂ ನನ್ನ ಪಿಎಫ್ ಒಂದು ತಿಂಗಳೂ ತಪ್ಪದೆ ಜಮಾ ಆಯಿತು. ಅವರ ಹೆಸರಲ್ಲಿ ಒಂದು ರೂಪಾಯಿಯೂ ಆಗಲಿಲ್ಲ.

ಈಗ ಮಂಡಕ್ಕಿ ಭಟ್ಟಿಗೆ ಹೋಗುತ್ತಾರೆ. ಬಿಸಿ ಮರಳಿನ ಪಕ್ಕ ಜರಡಿ ಹಿಡಿದು ನಿಲ್ಲುವ ಕೆಲಸ. ಸಂಜೆ ಬಂದಾಗ ರೆಪ್ಪೆ ಮೇಲೂ ಧೂಳು. ಹುರಿಯುವ ಗಂಡಸರಿಗೆ ಕೂಲಿ ಜಾಸ್ತಿ. ಸಮಾನ ವೇತನದ ಕಾನೂನು ಬಂದಿದ್ದು 1976ರಲ್ಲಿ. ಕೇಳಿದರೆ ಭಟ್ಟಿಯವರು "ಕೆಲಸ ಬೇರೆ ಅಲ್ವಾ" ಅನ್ನುತ್ತಾರೆ.

ಗೃಹಲಕ್ಷ್ಮಿಯ 2,000 ಬಂದಾಗಿನಿಂದ ಮನೆಯಲ್ಲಿ ಸಾಲ ಕಡಿಮೆಯಾಗಿದೆ, ಇಲ್ಲ ಅನ್ನಲ್ಲ. ಆದರೆ ಅದು ಈ ತಿಂಗಳ ಖರ್ಚಿಗೇ ಸರಿಹೋಗುತ್ತದೆ. ಮುಪ್ಪಿಗೆ ಅಂತ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ಒಂದಿದೆ. ಅದಕ್ಕೆ 65 ಆಗಬೇಕು, ಬರುವುದು ತಿಂಗಳಿಗೆ 1,200. ಜರ್ಮನಿಯಲ್ಲಿ 1992ರಿಂದೀಚೆಗೆ ಹುಟ್ಟಿದ ಪ್ರತಿ ಮಗುವಿಗೂ ಸಾಮಾನ್ಯವಾಗಿ ತಾಯಿಯ ಪಿಂಚಣಿ ಲೆಕ್ಕಕ್ಕೆ, ಮಗು ಸಾಕಿದ ಕಾಲ ಅಂತ, ಮೂರು ವರ್ಷ ಸೇರಿಸುತ್ತಾರೆ. ನಮ್ಮಲ್ಲಿ ಕೊನೇಪಕ್ಷ ಹೆಂಗಸರಿಗೆ ಈ ಗೆರೆಯನ್ನು 50ಕ್ಕೆ ಸರಿಸಲಿ. ಕಂತು ಸ್ವಲ್ಪ ಜಾಸ್ತಿ ಮಾಡಿದರೂ ಕಟ್ಟುತ್ತಾರೆ. ಮಕ್ಕಳು ಶಾಲೆಗೆ ಹೋಗಿ, ಹಿರಿಯರ ಆರೈಕೆ ಮುಗಿದು, ಅವರ ಕೈಗೆ ನಾಲ್ಕು ಕಾಸು ಬರೋದೇ ನಲವತ್ತರ ಮೇಲೆ.

ಈ ತಿಂಗಳು ಅತ್ತಿಗೆ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ, ಶುರು ಮಾಡಿದ್ದಾರೆ. ಅವರು 250 ಹಾಕುತ್ತಾರೆ. ಸರ್ಕಾರ ಹಾಕಬೇಕಿದ್ದ 250 ನಾನು ಹಾಕುತ್ತೇನೆ.