ಬೈಕಿಗೆ ಕ್ಲಚ್ ಲಿವರ್ ಇನ್ನೂ ಬೇಕೇ? ಪರ–ವಿರೋಧ

ಲಿವರ್ ಹೋಗಲಿ: ಪರ

ಬೈಕ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನನ್ನಂಥವನಿಗೆ, ಎಳೆದರೆ ಎಂಜಿನ್ನನ್ನು ಚಕ್ರದಿಂದ ಬೇರ್ಪಡಿಸುವ ಈ ಎಡಗೈಯ ಕ್ಲಚ್ ಲಿವರ್ ಅನ್ನ ಕೊಡುವ ವಸ್ತು. ಆದರೂ ಅದು ಹೋಗಬೇಕೆಂದು ವಾದಿಸುತ್ತಿದ್ದೇನೆಂದರೆ, ಸವಾರರ ಕೈಯಲ್ಲಿ ಅದು ಪಡುವ ಪಾಡನ್ನು ದಿನವೂ ನೋಡುತ್ತಿರುವುದೇ ಕಾರಣ. ಗೇರ್ ಬದಲಿಸುವ ಅಗತ್ಯವಿರಲಿ ಇಲ್ಲದಿರಲಿ, ಎರಡು ಬೆರಳನ್ನು ಸದಾ ಲಿವರ್ ಮೇಲೆ ಇಟ್ಟುಕೊಂಡೇ ಓಡಿಸುವವರು ಅಸಂಖ್ಯ. ಬಹಳಷ್ಟು ಬೈಕುಗಳಲ್ಲಿ ಲಿವರ್‌ನ ತುದಿಗೆ 10ರಿಂದ 20 ಮಿಲಿಮೀಟರ್ ಸಡಿಲ ಬಿಟ್ಟಿರಬೇಕು ಎನ್ನುವುದು ಸುಮ್ಮನೆ ಇಟ್ಟ ನಿಯಮವಲ್ಲ. ಬೆರಳ ಭಾರಕ್ಕೆ ಆ ಸಡಿಲ ಮುಗಿದು ಕೇಬಲ್ ಬಿಗಿಯಿತೆಂದರೆ, ಒಳಗೆ ಸ್ಪ್ರಿಂಗ್‌ಗಳ ಹಿಡಿತ ಕಡಿಮೆಯಾಗಿ, ಎಂಜಿನ್ನಿನ ಬಲವನ್ನು ಚಕ್ರದತ್ತ ದಾಟಿಸುವ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಳ್ಳತೊಡಗುತ್ತವೆ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಮುಳುಗಿರುವುದು ಎಂಜಿನ್ ಆಯಿಲ್‌ನಲ್ಲೇ ಆದ್ದರಿಂದ, ಸವೆದ ಪುಡಿಯೆಲ್ಲ ಆ ಆಯಿಲ್‌ಗೇ ಸೇರುತ್ತದೆ.

ಒಬ್ಬ ಹುಡುಗನ ಸಂಗತಿ ಹೇಳಲೇಬೇಕು. ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎಂದು ದೂರಿಕೊಂಡು ಬಂದಿದ್ದ. ಪಿಸ್ಟನ್ನೇ ಹೋಗಿದೆ ಎಂದು ಯಾರೋ ಅವನನ್ನು ಹೆದರಿಸಿದ್ದರು. ಕ್ಲಚ್ ಕವರ್ ಬಿಚ್ಚಿದ ಕೂಡಲೇ ಸುಟ್ಟ ವಾಸನೆ ಅಡರಿತು. ಉಕ್ಕಿನ ಪ್ಲೇಟುಗಳು ಕಾದು ನೀಲಿಗಟ್ಟಿದ್ದವು, ಫ್ರಿಕ್ಷನ್ ಪ್ಲೇಟುಗಳ ಮೇಲಿನ ಪದರ ಉಗುರಿನಿಂದ ಕೆರೆದರೂ ಉದುರುತ್ತಿತ್ತು. ಹೊಸ ಸೆಟ್ ಹಾಕಿ ಕಳಿಸಿದೆ. ಕೆಲವೇ ತಿಂಗಳಲ್ಲಿ ಅದೇ ದೂರು ಹೊತ್ತು ಮತ್ತೆ ಬಂದ, ಈ ಸಲ ನಾನು ಹಾಕಿದ ಪ್ಲೇಟಿನ ಮೇಲೇ ಅವನಿಗೆ ಅನುಮಾನ. ಅದನ್ನೂ ಬದಲಿಸಿ, ಅವನ ಹಿಂದೆ ಕುಳಿತು ಒಂದು ಸುತ್ತು ಹೋಗಿಬಂದೆ. ಏರಿನ ಮೇಲಿದ್ದ ಸಿಗ್ನಲ್‌ನಲ್ಲಿ ಅವನು ಬ್ರೇಕ್ ಮುಟ್ಟಲೇ ಇಲ್ಲ. ಹಾಫ್ ಕ್ಲಚ್‌ನಲ್ಲಿ, ಅಂದರೆ ಲಿವರನ್ನು ಅರ್ಧ ಎಳೆದು, ಎಂಜಿನ್ ವೇಗ ಏರಿಸಿಕೊಂಡು, ಹಸಿರು ದೀಪ ಬರುವವರೆಗೂ ಗಾಡಿಯನ್ನು ಹಾಗೆಯೇ ತೂಗಿಸಿ ನಿಲ್ಲಿಸಿದ್ದ. "ಬ್ರೇಕ್ ಯಾಕೆ ಹಿಡಿಯಲಿಲ್ಲ ತಮ್ಮಾ?" ಎಂದರೆ, "ಗಾಡಿ ನಿಂತಿತಲ್ಲ ಅಣ್ಣಾ, ಇನ್ನೇನು?" ಎಂದ. ಅವನ ಲೆಕ್ಕದಲ್ಲಿ ಅದು ಚಾಲನಾ ಕೌಶಲ. ಇಂಥ ಕುಶಲರು ಒಬ್ಬಿಬ್ಬರಲ್ಲ. ಬ್ರೇಕ್ ಹಾಕುವ ಎಷ್ಟೋ ಮೊದಲೇ ಕ್ಲಚ್ ಪೂರ್ತಿ ಎಳೆದು, ಎಂಜಿನ್ ಕೊಡುವ ತಡೆಯನ್ನು ಕಳೆದುಕೊಂಡು, ಇಳಿಜಾರಿನಲ್ಲಿ ಜಾರುತ್ತಾ ಬರುವವರದು ಇನ್ನೊಂದು ಪಂಗಡ.

ಇಷ್ಟಕ್ಕೆಲ್ಲ ಪರಿಹಾರ ಹೊಸದಾಗಿ ಹುಟ್ಟಬೇಕಾಗಿಯೂ ಇಲ್ಲ. 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್‌ನಲ್ಲಿ ಗೇರ್ ಇತ್ತು, ಕ್ಲಚ್ ಲಿವರ್ ಇರಲಿಲ್ಲ. ಎಂಜಿನ್ ವೇಗ ಏರಿದಂತೆ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ ಎಡಗೈಗೆ ಬಿಡುಗಡೆ ಕೊಟ್ಟಿತ್ತು. 2017ರ ಹೊತ್ತಿಗೆ ಆ ಸಾಲಿನ ಗಾಡಿಗಳ ತಯಾರಿಕೆ ಹತ್ತು ಕೋಟಿ ಮುಟ್ಟಿತು. ಜನಕ್ಕೆ ಲಿವರ್ ಬೇಕೇಬೇಕು ಎನ್ನುವವರು ಈ ಹತ್ತು ಕೋಟಿಗೆ ಏನು ಹೇಳುತ್ತಾರೋ ಕೇಳಬೇಕು. ದೊಡ್ಡ ಬೈಕುಗಳಲ್ಲಿ ಹೋಂಡಾದ್ದೇ ಆದ 2010ರ ವಿಎಫ್‌ಆರ್1200ಎಫ್‌ನಿಂದ ಡ್ಯುಯಲ್ ಕ್ಲಚ್ ಬಂದಿದೆ. 1, 3, 5ನೇ ಗೇರುಗಳಿಗೆ ಒಂದು ಕ್ಲಚ್, 2, 4, 6ಕ್ಕೆ ಇನ್ನೊಂದು. ಮುಂದಿನ ಗೇರ್ ಮೊದಲೇ ಸಿದ್ಧವಾಗಿ ಕೂತಿರುವುದರಿಂದ, ಒಂದು ಕ್ಲಚ್ ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ, ಎಳೆತ ಕಡಿಯುವುದೇ ಇಲ್ಲ. ಯಮಾಹಾ 2024ರಲ್ಲಿ ತಂದ, ತಾನೇ ಗೇರ್ ಬದಲಿಸಬಲ್ಲ ವೈ-ಎಎಂಟಿ ವ್ಯವಸ್ಥೆಯಲ್ಲಿ ಲಿವರಷ್ಟೇ ಅಲ್ಲ, ಕಾಲಿನ ಗೇರ್ ಪೆಡಲೂ ಇಲ್ಲ.

ನಿಧಾನವಾಗಿ ಓಡಿಸುವಾಗಿನ ಹಿಡಿತಕ್ಕೆ ಕ್ಲಚ್ಚೇ ಗತಿ ಎನ್ನುವವರಿದ್ದಾರೆ. ಇವರು ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ಎಂಟು ಬರೆಯುತ್ತಲೇ ಆಯುಷ್ಯ ಕಳೆಯುವವರಿರಬೇಕು. ಉಳಿದವರಿಗೆ ಸಂಜೆಯ ಟ್ರಾಫಿಕ್ ದಾಟಿ ಮನೆ ಸೇರಬೇಕಾಗಿದೆ, ಮನೆ ಸೇರಿದ ಮೇಲೆ ಮಣಿಕಟ್ಟು ನೋಯದಿದ್ದರೆ ಇನ್ನೂ ಒಳ್ಳೆಯದು.

ಲಿವರ್ ಇರಲಿ: ವಿರೋಧ

ಲಿವರ್‌ನ ಪರವಾಗಿ ಬರೆಯಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ದಿನದ ಓಡಾಟಕ್ಕೆ ನಾನು ಬಳಸುವುದು ಗೇರಿಲ್ಲದ ಸ್ಕೂಟರ್ ಎಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ. ವಹಿಸಿದ ಪಕ್ಷವನ್ನು ಆದಷ್ಟು ಮಟ್ಟಿಗೆ ನಿಭಾಯಿಸುತ್ತೇನೆ.

ಪ್ಲೇಟು ಸುಡುತ್ತದೆ ಎಂಬುದು ಲಿವರ್ ಮೇಲಿನ ಆರೋಪವಾಗಲಾರದು. ಟೈರೂ ಸವೆಯುತ್ತದೆ, ಬ್ರೇಕ್ ಶೂ ಕೂಡ ಸವೆಯುತ್ತದೆ. ಸ್ಕೂಟರ್‌ನ ಬೆಲ್ಟು ಮತ್ತು ಗೇರಿನ ಕೆಲಸ ಮಾಡುವ ವೇರಿಯೇಟರ್‌ನ ರೋಲರುಗಳೂ ಸವೆಯುತ್ತವೆ, ಅವನ್ನು ಬದಲಿಸುವಾಗ ಯಾರೂ ಸ್ಕೂಟರನ್ನೇ ರದ್ದು ಮಾಡಿ ಎನ್ನುವುದಿಲ್ಲ. ಹಾಫ್ ಕ್ಲಚ್‌ನಲ್ಲಿ ನಿಂತ ಹುಡುಗನಿಗೆ ಬ್ರೇಕ್ ಹಿಡಿಯಲು ಕಲಿಸಿದರೆ ಆಯಿತು.

ಲಿವರ್‌ಗಿರುವ ನಿಜವಾದ ಬಲ ನಿಧಾನಗತಿಯಲ್ಲಿ ಕಾಣುತ್ತದೆ. ಇಕ್ಕಟ್ಟಾದ ರಸ್ತೆಯಲ್ಲಿ ಭಾರದ ಬೈಕನ್ನು ಪೂರ್ತಿ ಹಿಂದಕ್ಕೆ ತಿರುಗಿಸುವಾಗ, ಹಿಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ, ಎಂಜಿನ್ ಒಂದೇ ವೇಗದಲ್ಲಿರುವಂತೆ ನೋಡಿಕೊಂಡು, ಚಕ್ರಕ್ಕೆ ಎಷ್ಟು ಬಲ ಹೋಗಬೇಕೆಂಬುದನ್ನು ಬೆರಳುಗಳಿಂದಲೇ ಅಳೆದು ಕೊಡಬಹುದು. ಬಲ ಹೆಚ್ಚಾಯಿತೆನಿಸಿದರೆ ಲಿವರನ್ನು ತುಸು ಎಳೆಯಬೇಕು, ಗಾಡಿ ವಾಲುತ್ತಿದೆ ಎನಿಸಿದರೆ ತುಸು ಬಿಡಬೇಕು. ಆಕ್ಸಿಲರೇಟರ್ ಎಲ್ಲಾದರೂ ಸಿಕ್ಕಿಕೊಂಡರೆ ಲಿವರ್ ಎಳೆದು ಎಂಜಿನ್‌ಗೂ ಚಕ್ರಕ್ಕೂ ಇರುವ ಸಂಬಂಧವನ್ನು ಒಮ್ಮೆಗೇ ಕಡಿದುಹಾಕಬಹುದು. ಬ್ಯಾಟರಿ ಸತ್ತಾಗ ಎರಡನೇ ಗೇರಿಗೆ ಹಾಕಿ, ಲಿವರ್ ಹಿಡಿದು ತಳ್ಳಿಸಿ, ವೇಗ ಬಂದಾಗ ಬಿಟ್ಟು ಎಂಜಿನ್ ಎಬ್ಬಿಸುವ ಉಪಾಯವೂ ಎಷ್ಟೋ ಬೈಕುಗಳಲ್ಲಿ ನಡೆಯುತ್ತದೆ. ನನ್ನ ಸ್ಕೂಟರಿನಲ್ಲಿ ಅದು ಸಾಧ್ಯವಿಲ್ಲ. ಅದು ಕೈಕೊಟ್ಟ ದಿನ ಉದ್ದಕ್ಕೂ ತಳ್ಳಿಕೊಂಡೇ ಹೋಗಿದ್ದೇನೆ. ಕಡಿದಾದ ಇಳಿಜಾರಿನಲ್ಲಿ ತೀರಾ ನಿಧಾನವಾದರಂತೂ ಸ್ಕೂಟರಿನ ಕ್ಲಚ್ ತಾನಾಗಿಯೇ ಬಿಟ್ಟುಕೊಂಡು, ಎಂಜಿನ್‌ನ ತಡೆ ಇಲ್ಲವಾಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಇತಿಹಾಸವನ್ನು ಎದುರಾಳಿ ತಮಗೆ ಬೇಕಾದಷ್ಟೇ ಹೇಳಿದ್ದಾರೆ. ಇದೇ ಹೋಂಡಾ 1976ರಲ್ಲಿ, ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಮತ್ತು ಎರಡು ಗೇರುಗಳ ಸಿಬಿ750ಎ ಎಂಬ ಆಟೊಮ್ಯಾಟಿಕ್ ದೊಡ್ಡ ಬೈಕನ್ನು ತಂದು, ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ಪಡೆಯಿತು. ಡ್ಯುಯಲ್ ಕ್ಲಚ್ ಬೈಕುಗಳಿಗೆ ಸುಮಾರು ಹತ್ತು ಕಿಲೋ ಹೆಚ್ಚುವರಿ ತೂಕ ಬರುತ್ತದೆ, ಬೆಲೆಯೂ ಏರುತ್ತದೆ.

ಅದೇ ಕಂಪನಿ ಈಚೆಗೆ ತಂದ ಇ-ಕ್ಲಚ್‌ನಲ್ಲಿ ಹೊರಡಲು, ನಿಲ್ಲಲು, ಗೇರ್ ಬದಲಿಸಲು ಲಿವರ್ ಮುಟ್ಟಬೇಕಿಲ್ಲ. ಆದರೂ ಲಿವರ್ ತನ್ನ ಜಾಗದಲ್ಲೇ ಇದೆ, ಎಳೆದರೆ ಅದರ ಮಾತೇ ನಡೆಯುತ್ತದೆ. ನನ್ನನ್ನು ಕೇಳಿದ್ದರೆ ಅದರ ಪರವಾಗಿಯೇ ಬರೆಯುತ್ತಿದ್ದೆ, ಆದರೆ ಅಂಥ ಮೂರನೆಯ ಪಕ್ಷಕ್ಕೆ ಇಲ್ಲಿ ಜಾಗವಿಟ್ಟಿಲ್ಲ.