ಮಾವನ ಮಳೆ ಲೆಕ್ಕಕ್ಕೆ ಬೀಗ

ಇವತ್ತು ಬೆಳಿಗ್ಗೆ ನಮ್ಮ ಮಾವ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ತಪ್ಪು ನನ್ನದೇ. ಆದರೂ ಕೋಪ ಬಂತು. ಅಳಿಯನಾದ ತಪ್ಪಿಗೆ ನುಂಗಿಕೊಂಡೆ.

ಕೊಡಗಿನ ತೋಟದವರ ಬೆಳಗು ಗೊತ್ತಲ್ವಾ? ಮೊದಲು ಅಂಗಳದ ಡಬ್ಬಿಯಲ್ಲಿ ಬಿದ್ದ ಮಳೆ ಅಳೆಯಬೇಕು, ಕಾಫಿ ಆಮೇಲೆ. ಇಂಚು, ಸೆಂಟಿನ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕ. ಮಾವ ಅದನ್ನು ಈಗ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾರೆ. 2 ಜಿಬಿ ರ್‍ಯಾಮ್, ಸತ್ತ ಬ್ಯಾಟರಿ. ಪಾಪ, ಹಗುರ ಇರಲಿ ಅಂತ ವಿಂಡೋಸ್ ಬದಲು ಲಿನಕ್ಸ್ ಹಾಕಿ ಎಲ್‌ಎಕ್ಸ್‌ಡಿಇ ಅನ್ನೋ ಪುಟ್ಟ ಡೆಸ್ಕ್‌ಟಾಪ್ ಕೂರಿಸಿದ್ದೆ. ಹೋಂಸ್ಟೇಗೆ ಬಂದ ಮಕ್ಕಳು ಕೀಬೋರ್ಡ್ ಕುಟ್ಟಿ ಮೇ ತಿಂಗಳ ಮಳೆಯನ್ನೆಲ್ಲ ಒಣಗಿಸಿಬಿಟ್ಟವು. "ಬೀಗ ಹಾಕಿ ಕೊಡಿ" ಅಂದರು ಮಾವ. 1992ರಿಂದ ಇರುವ, ಪರದೆಗೆ ಬೀಗ ಹಾಕುವ ತಂತ್ರಾಂಶ ಎಕ್ಸ್‌ಸ್ಕ್ರೀನ್‌ಸೇವರ್ ಹಾಕಿದೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಮೇಲೆ ಓಡಾಡುವ ಚಿತ್ರಗಳ ಏನೋ ಒಂದು ಆಟ, ಜೊತೆಗೆ ಬೀಗ.

ಆದರೆ ಮಾವ ಬರೆಯುವ ರೀತಿ ಹೀಗೆ. ಒಂದೇ ಬೆರಳಿನಲ್ಲಿ 3 ಒತ್ತುತ್ತಾರೆ. ಚುಕ್ಕಿ ಹುಡುಕುತ್ತಾರೆ. ಅಷ್ಟರಲ್ಲಿ ಏನೋ ನೆನಪಾಗಿ ಫೋನ್ ಎತ್ತುತ್ತಾರೆ. "ನಿಮ್ಮಲ್ಲಿ ಎಷ್ಟು?" ಗಾಳಿಬೀಡಿಗೆ ಒಂದು, ಸುಂಟಿಕೊಪ್ಪಕ್ಕೆ ಒಂದು, ಶಾಂತಳ್ಳಿಗೆ ಒಂದು. ಶಾಂತಳ್ಳಿಯವರದ್ದು ಯಾವಾಗಲೂ ನಮಗಿಂತ ಜಾಸ್ತಿ. "ಅವನ ಡಬ್ಬಿ ಮಾಡಿನ ನೀರು ಬೀಳೋ ಕಡೆ ಇದೆ" ಅಂತ ಫೋನ್ ಇಟ್ಟ ಮೇಲೆ ನನಗೆ ದೂರು. ನಡುವೆ ಕೊಳೆರೋಗ, ಮೆಣಸಿನ ರೇಟು. ತಿರುಗಿ ನೋಡಿದರೆ ಬೀಗ. ಮೂರು ಇಂಚು ಬರೆಯಲು ಮೂರು ಸಲ ಪಾಸ್‌ವರ್ಡ್! ಕೊನೆಗೆ ಅದನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿಕೊಂಡರು. ಬೀಗದ ಕೈ ಬೀಗದಲ್ಲೇ.

ಈ ಎಕ್ಸ್‌ಸ್ಕ್ರೀನ್‌ಸೇವರಿನಲ್ಲಿ ಇನ್ನೂರಕ್ಕೂ ಜಾಸ್ತಿ ಆಟಗಳಿವೆ. ಯಾವುದಾದರೂ ಬರಲಿ ಅಂತ ಬಿಟ್ಟಿದ್ದೆ. ಇವತ್ತು ಬಂದದ್ದು ಯಾರೋ ಬೇಕಂತಲೇ ಮಾಡಿಟ್ಟ ತಮಾಷೆ: ವಿಂಡೋಸ್ ಕೆಟ್ಟಾಗ ಬರುವ ನೀಲಿ ಪರದೆಯ ನಕಲು.

"ಅಳಿಯಂದಿರೇ, ಹೋಯ್ತು!"

ಸೋಪಿನ ಮುಖದಲ್ಲೇ ಬಚ್ಚಲಿನಿಂದ ಓಡಿ ಬಂದೆ. ಮಾವ ಇಲಿಯ ಬಾಲ ಹಿಡಿದ ಹಾಗೆ ವೈರು ಹಿಡಿದು ನಿಂತಿದ್ದರು. ಸೇವ್ ಮಾಡಿರದ ಒಂದು ವಾರದ ಮಳೆ ನಿಜವಾಗಿಯೂ ಹೋಗಿತ್ತು.

"ಅದು ಸುಳ್ಳು ಪರದೆ ಮಾವ. ಇದರಲ್ಲಿ ವಿಂಡೋಸೇ ಇಲ್ಲ."

"ಇಲ್ಲದ್ದು ಕೆಡೋದು ಹೇಗೆ?"

ಉತ್ತರ ಸಿಗಲಿಲ್ಲ. ಸುಮ್ನೆ ಸೆಟ್ಟಿಂಗ್ಸ್ ತೆರೆದೆ. ಆಟಗಳನ್ನೆಲ್ಲ ತೆಗೆದು ಬರೀ ಕಪ್ಪು ಪರದೆ ಇಟ್ಟೆ. ಪರದೆ ಕಪ್ಪಾಗುವ ಹೊತ್ತು ಬೇರೆ, ಬೀಗ ಬೀಳುವ ಹೊತ್ತು ಬೇರೆ ಇಡಬಹುದು ಅಂತ ಆಗಲೇ ಕಣ್ಣಿಗೆ ಬಿತ್ತು. ಮೊದಲೇ ನೋಡಬಾರದಿತ್ತಾ?

"ಎಷ್ಟು ಹೊತ್ತಿಗೆ ಬೀಗ ಬೀಳಲಿ ಮಾವ?"

"ಮಕ್ಕಂದೂರಿನವನ ಫೋನು ಮುಗಿಯೋವರೆಗೆ ಬೇಡ."

ಆ ಗೆಳೆಯರು ಈಗ ಮಕ್ಕಂದೂರಿನಲ್ಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ತೋಟ ಹೋಯಿತು. ಈಗ ಮೈಸೂರಿನಲ್ಲಿ ಮಗನ ಮನೆ. ಡಬ್ಬಿ ಇಡಲು ಅಲ್ಲಿ ಅಂಗಳವಿಲ್ಲ. ಆದರೂ ದಿನಾ ಅವರೇ ಫೋನ್ ಮಾಡಿ ಇಲ್ಲಿನ ಮಳೆ ಕೇಳುತ್ತಾರೆ. ಎಲ್ಲಕ್ಕಿಂತ ಉದ್ದದ ಫೋನ್ ಅದು.

ಒಂದು ಗಂಟೆ ಇಟ್ಟೆ. ಪರದೆ ಕಪ್ಪಾಗುವುದನ್ನು ಮಾತ್ರ ಹತ್ತು ನಿಮಿಷಕ್ಕೇ ಬಿಟ್ಟೆ. ಈಗಷ್ಟೇ ಹಜಾರದಿಂದ ಕೂಗು ಬಂತು.

"ಅಳಿಯಂದಿರೇ, ಕರೆಂಟ್ ಹೋಯ್ತಾ?"