ನೀರು ಹಾಕಿದ್ರೆ ಸಾಕು ಅನ್ನಬೇಡಿ

ಇವತ್ತು ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ಹಾಕಿಸಲು ನಿಂತಿದ್ದೆ. ಪಕ್ಕದಲ್ಲಿ ಒಂದು ಹಳೇ ಕಾರು. ಬಾನೆಟ್ ಎತ್ತಿದ್ದಾರೆ, ಒಳಗಿಂದ ಹಬೆ ಏಳುತ್ತಿದೆ. ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದ ಹುಡುಗ ಗಾಬರಿಯಾಗಿ ನಿಂತಿದ್ದಾನೆ. ಜೊತೆಗಿದ್ದ ಹಿರಿಯರು ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಲು ಹೊರಟಿದ್ದರು. ಇನ್ನೊಂದು ಕೈಯಲ್ಲಿ ನಲ್ಲಿ ನೀರಿನ ಬಾಟಲಿ. ಓಡಿ ಹೋಗಿ ಅವರ ಕೈ ಹಿಡಿದುಕೊಂಡೆ. "ನೀರು ತಾನೇ ಸಾರ್, ಹಾಕಿದ್ರೆ ಸಾಕು, ಮನೆ ತನಕ ಹೋಗುತ್ತೆ" ಅಂದರು.

ಈ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ.

ಕುಕ್ಕರ್ ಕೂಗುತ್ತಿರುವಾಗ ಯಾರಾದರೂ ಮುಚ್ಚಳ ತೆಗೆಯುತ್ತಾರಾ? ರೇಡಿಯೇಟರ್ ಕೂಡ ಅದೇ. ಒಳಗೆ ಒತ್ತಡ ಇರುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ನೇರ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಕಾದ ಅಲ್ಯೂಮಿನಿಯಂ ಹೆಡ್ಡಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅವರನ್ನು ಮುಕ್ಕಾಲು ಗಂಟೆ ಕಾಯಿಸಿದೆ. ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ.

ಮೂರು ವಾರದ ಹಿಂದೆ ನಮ್ಮ ವ್ಯಾಗನ್ ಆರ್‌ಗೆ ಏನಾಯಿತು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಪೂರ್ತಿ ಕಥೆ ಯಾರಿಗೂ ಹೇಳಿರಲಿಲ್ಲ.

ಬೇಸಿಗೆಯಿಂದ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಬಾಟಲಿ ಖಾಲಿಯಾಗುತ್ತಲೇ ಇತ್ತು. ಗ್ಯಾರೇಜಿನಲ್ಲಿ ಕೇಳಿದೆ. "ಬಿಸಿಲು ಅಲ್ವಾ ಸಾರ್, ಆವಿ ಆಗಿರುತ್ತೆ. ನೀರು ಹಾಕ್ಕೊಂಡು ಓಡಿಸಿ" ಅಂದರು. ಬಾನೆಟ್ ಕೆಳಗೆ ಬಗ್ಗಿ ನೋಡಲೂ ಇಲ್ಲ. ನಾನೂ ಹಾಗೇ ಮಾಡಿದೆ. ಅಡುಗೆಮನೆ ನಲ್ಲಿಯಿಂದ ಹಿಡಿದ ಬೋರ್‌ವೆಲ್ ನೀರು, ವಾರಕ್ಕೆ ಅರ್ಧ ಬಾಟಲಿ. ಕತ್ರಿಗುಪ್ಪೆಯ ನಮ್ಮ ಮನೆಯ ಬೋರ್ ನೀರು ಎಂಥದ್ದು ಅಂತ ನಮ್ಮಲ್ಲಿಗೆ ಬಂದು ಸ್ನಾನ ಮಾಡಿದವರಿಗೆ ಗೊತ್ತು. ಸೋಪು ನೊರೆ ಬರುವುದಿಲ್ಲ. ಗೀಸರ್ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅದೇ ನೀರನ್ನು ಎಂಜಿನ್ನಿಗೆ ಹುಯ್ಯುತ್ತಿದ್ದೆ.

ಒಂದು ದಿನ ನನ್ನ ಹೆಂಡತಿ ಅಮ್ಮನನ್ನು ಕೆಂಗೇರಿ ಕಡೆಯಿಂದ ಡಾಕ್ಟರ ಹತ್ತಿರ ಕರೆದುಕೊಂಡು ಬರುತ್ತಿದ್ದಳು. ನಾಯಂಡಹಳ್ಳಿ ಹತ್ತಿರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಬಿಸಿಯಾಗಿದೆ ಅನ್ನುವ ಕೆಂಪು ದೀಪ ಹೊತ್ತಿಕೊಂಡಿತು. ನನಗೆ ಫೋನ್ ಮಾಡಿದಳು. ನಾನು ಮೀಟಿಂಗಿನಲ್ಲಿದ್ದೆ. ಏನು ಹೇಳಿದೆ ಗೊತ್ತಾ? "ನೀರು ಹಾಕು, ಸಾಕು, ನಿಧಾನಕ್ಕೆ ಬಾ." ಅವಳು ಕೇಳಲಿಲ್ಲ. "ಇಲ್ಲ ರೀ, ಆಫ್ ಮಾಡಿದ್ದೀನಿ, ನಾನು ಮುಟ್ಟಲ್ಲ" ಅಂದವಳೇ ಅಮ್ಮನನ್ನು ಆಟೋ ಹತ್ತಿಸಿ ಹೊರಟಳು. ಆ ಬಿಸಿಯಲ್ಲಿ ಅವಳು ಮುಚ್ಚಳ ತೆಗೆದಿದ್ದರೆ, ಪಕ್ಕದಲ್ಲಿ ಅಮ್ಮ ನಿಂತಿದ್ದರೆ? ಇವತ್ತೂ ರಾತ್ರಿ ನೆನಪಾದರೆ ನಿದ್ದೆ ಬರುವುದಿಲ್ಲ. ಎಂಜಿನ್ ಉಳಿದದ್ದು ಅವಳಿಂದ.

ಕಾರು ಎಳೆಸಿಕೊಂಡು ಬಂದೆವು. ಅದೇ ಗ್ಯಾರೇಜಿನವರು ಈಗ ಹೇಳಿದ್ದು, "ಹೆಡ್ ಗ್ಯಾಸ್ಕೆಟ್ ಹೋಗಿರುತ್ತೆ ಸಾರ್, ಬಿಚ್ಚಬೇಕು." ಆಗಲೂ ಬಗ್ಗಿ ನೋಡಲಿಲ್ಲ. ಅವತ್ತು ಸಂಜೆ ಟಾರ್ಚ್ ಹಿಡಿದು ನಾನೇ ನೋಡಿದೆ. ಹೆಡ್ ಕೆಳಗಿನ ಆ ಗ್ಯಾಸ್ಕೆಟ್ ಪದರ ಹೋಗಿದ್ದರೆ ಆಯಿಲ್‌ಗೆ ನೀರು ಬೆರೆಯಬಹುದು, ಸಿಲಿಂಡರಿಗೂ ನುಗ್ಗಬಹುದು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ. ಆದರೆ ಕೂಲೆಂಟನ್ನು ಎಂಜಿನ್ನಿನೊಳಗೆ ತಳ್ಳುವ ವಾಟರ್ ಪಂಪಿನ ಕೆಳಗೆ ಒಂದು ಗೆರೆ ಇತ್ತು, ಕಣ್ಣೀರು ಒಣಗಿದ ಹಾಗೆ. ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ವೀಪ್ ಹೋಲ್ ಅಂತಾರೆ. ಒಳಗಿನ ಸೀಲ್ ಸೋತರೆ ನೀರು ಬೇರಿಂಗಿಗೆ ನುಗ್ಗದೆ ಆಚೆ ಬರಲಿ ಅಂತಲೇ ಆ ತೂತು. ಎಷ್ಟು ವಾರದಿಂದ ತೊಟ್ಟಿಕ್ಕುತ್ತಿತ್ತೋ. ಪಂಪಿನ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಚಕ್ರ, ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು.

ಕೂಲೆಂಟ್ ಓಡಾಡುವುದು ಮುಚ್ಚಿದ ದಾರಿಯಲ್ಲಿ. ವಾರಕ್ಕೆ ಅರ್ಧ ಬಾಟಲಿ ಅದು ಸುಮ್ನೆ ಆವಿ ಆಗುವುದಿಲ್ಲ. ಕಡಿಮೆ ಆಗುತ್ತಿದೆ ಅಂದರೆ ಎಲ್ಲೋ ಹೋಗುತ್ತಿದೆ. ಎಲ್ಲಿ ಅಂತ ಹುಡುಕುವ ಬದಲು ನೀರು ಹಾಕಿ ಅನ್ನುತ್ತಾರಲ್ಲ, ನನ್ನ ಸಿಟ್ಟು ಅದಕ್ಕೇ.

ಶನಿವಾರ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯ ಹಿರಿಯರು ಆರ್‌ಸಿ ನೋಡಿ ಪಂಪ್ ತೆಗೆದುಕೊಟ್ಟರು. ಕೊಡುವ ಮೊದಲು ಪುಲ್ಲಿ ಕೂರುವ ತಟ್ಟೆಯನ್ನು ಬೆರಳಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿದು ಕೇಳಿಸಿಕೊಂಡರು. ಆ ಒಂದು ಕ್ಷಣಕ್ಕೆ ಅವರ ಮೇಲೆ ಎಷ್ಟು ಗೌರವ ಬಂತು ಅಂದರೆ ಚೌಕಾಸಿ ಮಾಡಲೂ ಮನಸ್ಸಾಗಲಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ಶುರು. ಎಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ಬ್ಯಾಟರಿಯ ನೆಗೆಟಿವ್ ತೆಗೆದೆ. ಜಾಕ್ ಒಂದನ್ನೇ ನಂಬಿ ಯಾರೂ ಕೈ ಹಾಕಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ. ಕೆಳಗಿನ ಹೋಸ್ ಬಿಚ್ಚಿ ಟಬ್ಬಿಗೆ ಬಿಟ್ಟಾಗ ಬಂದದ್ದು ಕೆಂಪು ಮಣ್ಣು ಕಲಸಿದಂಥ ನೀರು. ಹಸಿರು ಕೂಲೆಂಟಿನ ಸುಳಿವೇ ಇಲ್ಲ. ನಮ್ಮ ಬೀದಿಯ ನಾಯಿ ಕರಿಯ ಮೂಸಲು ಬಂದ. ತಕ್ಷಣ ಟಬ್ಬಿನ ಮೇಲೆ ಹಲಗೆ ಮುಚ್ಚಿದೆ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಪ್ರಾಣವೇ ಹೋಗಬಹುದು. ದಯವಿಟ್ಟು ಅದನ್ನು ಚರಂಡಿಗೆ ಸುರಿಯಬೇಡಿ.

ಪುಲ್ಲಿಯ ಬೋಲ್ಟುಗಳನ್ನು ಬೆಲ್ಟ್ ಬಿಗಿಯಾಗಿರುವಾಗಲೇ ಸಡಿಲ ಮಾಡಿಕೊಳ್ಳಬೇಕು. ಬೆಲ್ಟ್ ತೆಗೆದ ಮೇಲೆ ಸ್ಪ್ಯಾನರ್ ಹಾಕಿದರೆ ಪುಲ್ಲಿ ಸುಮ್ಮನೆ ಸುತ್ತುತ್ತದೆ. ಆಮೇಲೆ ಆಲ್ಟರ್ನೇಟರ್ ಸಡಿಲಿಸಿ ಬೆಲ್ಟ್ ಇಳಿಸಿದೆ. ಪಂಪಿನ ಬೋಲ್ಟುಗಳನ್ನು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು ಆಯಾ ಜಾಗಕ್ಕೇ ಚುಚ್ಚಿಟ್ಟೆ, ಯಾವುದು ಎಲ್ಲಿಯದು ಅಂತ ಆಮೇಲೆ ತಡಕಾಡಬಾರದಲ್ಲ. ಒಂದು ಬೋಲ್ಟ್ ಜಪ್ಪಯ್ಯ ಅಂದರೂ ಕದಲಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ತಲೆ ಮೇಲೆ ಮೆಲ್ಲಗೆ ತಟ್ಟಿ, ಒಂದು ಗಂಟೆ ಕಾದೆ. ಅವಸರ ಮಾಡಿದ್ದರೆ ಮುರಿಯುತ್ತಿತ್ತು.

ಪಂಪ್ ಕೈಗೆ ಬಂತು. ತಿರುಗಿಸಿ ನೋಡಿದೆ. ನೀರನ್ನು ತಳ್ಳುವ ರೆಕ್ಕೆಗಳ ಅಂಚು ತುಕ್ಕು ತಿಂದು ತೆಳ್ಳಗಾಗಿತ್ತು. ನಡುವೆ ಗೀಸರಿನಲ್ಲಿ ಕಾಣುವ ಅದೇ ಬಿಳಿ ಹರಳು, ಉಗುರಲ್ಲಿ ಕೆರೆದರೆ ಕರಕರ ಅನ್ನುತ್ತಿತ್ತು. ಪಂಪಿನ ಸೀಲ್ ಅಂದರೆ ಒಂದರ ಮೇಲೊಂದು ಉಜ್ಜುತ್ತಾ ತಿರುಗುವ ಎರಡು ನುಣುಪಾದ ಬಳೆಗಳು. ಅವೆರಡರ ನಡುವೆ ಕೂಲೆಂಟಿನ ತೆಳು ಪದರವೇ ಎಣ್ಣೆ ಇದ್ದ ಹಾಗೆ. ಅಲ್ಲಿಗೆ ಈ ಹರಳು ಹೋದರೆ ಕಣ್ಣಿಗೆ ಮರಳು ಬಿದ್ದಂತೆ. ಅಷ್ಟು ಹೊತ್ತು ಗ್ಯಾರೇಜಿನವರ ಮೇಲಿದ್ದ ಸಿಟ್ಟು ಆಗ ನನ್ನ ಮೇಲೇ ತಿರುಗಿತು. ಆ ನೀರು ಹಾಕಿದ ಕೈ ನನ್ನದೇ ಅಲ್ವಾ.

ಹಳೇ ಗ್ಯಾಸ್ಕೆಟ್ ಅಂಟನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದು ತೆಗೆದೆ. ಸ್ಕ್ರೂಡ್ರೈವರ್ ಹಾಕಿದರೆ ಅಲ್ಯೂಮಿನಿಯಂ ಗೀರಿಕೊಳ್ಳುತ್ತದೆ, ಮತ್ತೆ ಸೋರುತ್ತದೆ. ಹೊಸ ಪಂಪ್ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಳಗಿನ ಕೊಳೆ ಹೋಗಲಿ ಅಂತ ಎರಡು ಸಲ ಡಿಸ್ಟಿಲ್ಡ್ ವಾಟರ್ ತುಂಬಿಸಿ ಇಳಿಸಿದೆ. ಆಮೇಲೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಒಳಗೆ ಸಿಕ್ಕಿಕೊಂಡ ಗಾಳಿ ಆಚೆ ಬರಲಿ ಅಂತ ಹೀಟರ್ ಹಾಕಿ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿದೆ. ತಣ್ಣಗಿನ ಎಂಜಿನ್ನಿನಲ್ಲಿ ಮಾತ್ರ ಹೀಗೆ. ಗುಳ್ಳೆಗಳು ಬಂದು ಬಂದು ನಿಂತವು, ಮಟ್ಟ ಇಳಿದಷ್ಟೂ ತುಂಬಿಸಿ ಮುಚ್ಚಳ ಹಾಕಿದೆ. ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೆ ಕೆಳಗೆ ರಟ್ಟು ಹಾಸಿ ನೋಡಿದೆ. ಒಂದು ಹನಿಯೂ ಇಲ್ಲ. ಸಂಜೆ ನಾಲ್ಕಾಗಿತ್ತು, ಊಟ ಮಾಡಿರಲಿಲ್ಲ, ಹಸಿವೇ ಆಗಿರಲಿಲ್ಲ.

ಎಲ್ಲರೂ ಮಾಡಿ ಅನ್ನುತ್ತಿಲ್ಲ. ನಮ್ಮದು ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿ, ಇರುವ ಎಂಜಿನ್, ಪಂಪ್ ಹೊರಗಿನ ಬೆಲ್ಟಿಗೆ ತಿರುಗುತ್ತದೆ, ಅದಕ್ಕೇ ಮನೆ ಮುಂದೆ ಆಯಿತು. ಡಸ್ಟರ್ ಡೀಸೆಲ್‌ನಂಥವುಗಳಲ್ಲಿ ಸರಪಳಿಯ ಬದಲು ಇರುವ ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುತ್ತದೆ. ಅಲ್ಲಿ ಒಂದು ಹಲ್ಲು ಆಚೀಚೆ ಆದರೂ ಎಂಜಿನ್ನಿಗೇ ಪೆಟ್ಟು. ಅದನ್ನು ಬಲ್ಲವರಿಗೇ ಬಿಡಿ.

ಪಕ್ಕದ ಮನೆ ಅಂಕಲ್ ಅವತ್ತೇ ಕೇಳಿದರು, "ಬೆಂಗಳೂರಲ್ಲಿ ಹಿಮ ಬೀಳುತ್ತೇನಪ್ಪಾ? ಕೂಲೆಂಟ್ ಯಾಕೆ? ನಿಮ್ಮಪ್ಪ ಅಂಬಾಸಡರ್‌ಗೆ ಬರೀ ನೀರು ಹಾಕ್ತಿರಲಿಲ್ವಾ?" ಹಾಕುತ್ತಿದ್ದರು, ನಿಜ. ಚಾರ್ಮಾಡಿ ಹತ್ತುವಾಗ ಎರಡು ಕಡೆ ನಿಲ್ಲಿಸಿ, ಝರಿಯಿಂದ ಕ್ಯಾನು ತುಂಬಿಕೊಂಡು, ಗಾಡಿ ತಣಿಯುವ ತನಕ ಬೀಡಿ ಸೇದುತ್ತಾ ಕೂರುತ್ತಿದ್ದರು. ಅದು ದಪ್ಪ ಬೀಡು ಕಬ್ಬಿಣದ ಎಂಜಿನ್, ತಡೆದುಕೊಳ್ಳುತ್ತಿತ್ತು. ನಮ್ಮದು ಅಲ್ಯೂಮಿನಿಯಂ. ಇನ್ನು ಹಿಮದ ಮಾತು. ಕೂಲೆಂಟ್ ಇರುವುದು ನೀರು ಹೆಪ್ಪುಗಟ್ಟದಿರಲಿ ಅಂತ ಮಾತ್ರ ಅಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಓಡುವುದೇ 90ರ ಆಸುಪಾಸಿನಲ್ಲಿ. ಕುದಿಯದಂತೆ ಕಾಯುವುದು ಆ ಮುಚ್ಚಳದ ಒತ್ತಡ ಮತ್ತು ಕೂಲೆಂಟ್. ತುಕ್ಕು ತಡೆಯುವುದೂ ಕೂಲೆಂಟೇ. ಇಷ್ಟೆಲ್ಲ ಹೇಳಿದ ಮೇಲೂ ಅಂಕಲ್ "ಏನೋಪ್ಪಾ" ಅಂದು ಹೋದರು.

ಬಂಕಿನ ಹುಡುಗ ಮಾತ್ರ ಬಗ್ಗಿದ. ಕಾರು ತಣ್ಣಗಾದ ಮೇಲೆ ಮೊಬೈಲ್ ಟಾರ್ಚ್ ಹಾಕಿ ಪಂಪ್ ಎಲ್ಲಿದೆ ಅಂತ ತೋರಿಸಿದೆ. ಅದೇ ಒಣಗಿದ ಗೆರೆ. "ಇದು ಎಷ್ಟು ದಿನದಿಂದ ಇದೆ ಅಣ್ಣಾ?" ಅಂದ. ಫೋಟೋ ತೆಗೆದುಕೊಂಡ. ಓಡಿಸಬೇಡ ಅಂದೆ, ಎಳೆಯುವ ಗಾಡಿ ಕರೆಸಿದ. ನನ್ನ ಹಳೇ ಪಂಪ್ ಇನ್ನೂ ಡಿಕ್ಕಿಯಲ್ಲೇ ಇತ್ತು. ಅವನ ಜೊತೆಗಿದ್ದ ಹಿರಿಯರ ಕೈಗೆ ಕೊಟ್ಟೆ. ಅವರು ಬಾಟಲಿ ಕೆಳಗಿಟ್ಟು, ಆ ಬಿಳಿ ಹರಳನ್ನು ಹೆಬ್ಬೆರಳಲ್ಲಿ ತುಂಬ ಹೊತ್ತು ಉಜ್ಜಿ ನೋಡುತ್ತಿದ್ದರು.